ಯಜಮಾನನೊಡನೆ ಸಂಬಂಧ: ಶತ್ರು

ಭಾನುವಾರ, ಇಳಿಹೊತ್ತು

ಎಲೈ ಸಿಂಹಾಸನಾಧೀಶ್ವರನೇ, ನಮ್ಮ ನಾಟಕ ಕಂಪನಿಯ ಯಜಮಾನನೇ, ಕಿವಿಗೊಟ್ಟು ಕೇಳು!

ಒಡಹುಟ್ಟಿದ ತಂಗಿಯ ಪತ್ರ ಹೀಗೆ ಶುರುವಾಗುವುದುಂಟೇ ಎಂದು ಹುಬ್ಬು ಗಂಟಿಕ್ಕಬೇಡ. ಪ್ರತಿ ಪತ್ರದಲ್ಲೂ ನಿನ್ನನ್ನು ಯಾವ ಮಾತಿನಿಂದ ಕರೆಯುತ್ತೇನೋ ಆ ಮಾತು ಇವತ್ತು ನನ್ನ ಬಾಯಿಂದ ಹೊರಡುವಂತಿಲ್ಲ. ಅದಕ್ಕೆ ಕಾರಣವಿದೆ, ಕೊನೆಯಲ್ಲಿ ಹೇಳುತ್ತೇನೆ. ಅಲ್ಲಿಯವರೆಗೆ ಕುರ್ಚಿ ಬಿಟ್ಟು ಏಳಬೇಡ. ಪರದೆ ಬೀಳುವ ಮುಂಚೆ ಎದ್ದು ಹೋಗುವವರನ್ನು ಕಂಡರೆ ನಿನಗೇ ಮೈಯೆಲ್ಲ ಉರಿಯುತ್ತದಲ್ಲ!

ನೀನು ಕಳಿಸಿದ ವಂಶವೃಕ್ಷ ಬಂತು. ಆಹಾ, ಏನು ಕಾಗದ, ಏನು ಬಂಗಾರದ ಅಂಚು! ರಂಗಮಂದಿರಕ್ಕೆ ನೂರು ತುಂಬುವ ದಿನ ಇದನ್ನೇ ಹಲಗೆಯ ಮೇಲೆ ಕೆತ್ತಿಸಿ ಮುಂಬಾಗಿಲಲ್ಲಿ ತೂಗುಹಾಕುತ್ತೀಯಂತೆ. ಬುಡದಲ್ಲಿ ನಮ್ಮ ತಾತ: ರಾಜನ ಪಾತ್ರದ ಸಿಂಹಕಂಠ, ಬಾಯಿ ತೆರೆದರೆ ತೂಗುದೀಪ ಅಲುಗುತ್ತಿತ್ತು ಎಂದು ಜನ ಹೇಳುತ್ತಿದ್ದ ಮಹಾನಟ. ಪಕ್ಕದಲ್ಲಿ ಕನ್ನಡಕ ಹಾಕಿ ಹುಡುಕಬೇಕಾದ ಅಕ್ಷರದಲ್ಲಿ ನಮ್ಮ ಅಜ್ಜಿ: 'ಗೃಹಿಣಿ'. ಅವರಿಗೊಬ್ಬ ಮಗ, ನಮ್ಮಪ್ಪ. ಅಪ್ಪನ ಮೇಲೆ ನೀನು, ಆನೆ ಕಟ್ಟಬಹುದಾದಂಥ ಕೊಂಬೆ. ನಿನ್ನ ಪಕ್ಕದಲ್ಲಿ ನಾನು, ಯಾವ ಗಾಳಿಗೆ ಉದುರುತ್ತೇನೋ ಎಂಬಂಥ ಎಲೆ.

ಅದರ ಜೊತೆಗೆ ಅವತ್ತಿನ ನಾಟಕದ ಪಾತ್ರವಿವರ. ಕಂಪನಿ ನಮ್ಮಿಬ್ಬರ ಹೆಸರಿನಲ್ಲಿರುವುದರಿಂದ ಎರಡಕ್ಕೂ ಇಬ್ಬರ ಸಹಿ ಬೇಕು. "ಸುಮ್ನೆ ಒಂದು ಸಹಿ ಹಾಕಿ ಕಳ್ಸು ಪುಟ್ಟೀ, ಹೆಚ್ಚು ಯೋಚ್ನೆ ಮಾಡ್ಬೇಡ" ಎಂದು ಚೀಟಿ ಬೇರೆ ಅಂಟಿಸಿದ್ದೀಯ.

ಹಾಕುವುದಿಲ್ಲ.

ಕೊನೆಯ ಸಾಲಿನ ಕಿವುಡನಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳುತ್ತೇನೆ: ಹಾಕುವುದಿಲ್ಲ! ಎರಡೂ ಕಾಗದವನ್ನು ಬಂದ ಹಾಗೇ ಹಿಂದಕ್ಕೆ ಕಳಿಸಿದ್ದೇನೆ. ಬಂಗಾರದ ಅಂಚಿಗೆ ಚಹಾದ ಕಲೆ ಆಗಿದೆ, ಅದು ಮಾತ್ರ ಬೇಕೆಂದು ಮಾಡಿದ್ದಲ್ಲ.

ಪಾತ್ರವಿವರದಲ್ಲಿ ರಾಜ ಯಾರು? ನಿನ್ನ ಅಳಿಯ. ಪಾಪ, ಒಳ್ಳೆಯ ಮನುಷ್ಯ, ಹಲ್ಲಿನ ವೈದ್ಯ. ರೋಗಿಯ ಬಾಯಿ ತೆರೆಸುವುದು ಗೊತ್ತೇ ಹೊರತು ತನ್ನ ಬಾಯಿ ತೆರೆಯುವುದು ಗೊತ್ತಿಲ್ಲ. ಅವನು "ಯಾರಲ್ಲಿ!" ಎಂದು ಗರ್ಜಿಸಿದರೆ ಪಕ್ಕದಲ್ಲಿ ನಿಂತ ಭಟನೇ "ಏನಂದ್ರಿ?" ಎಂದು ಕೇಳಬೇಕು. ಅವನ ಮಗಳು, ನಿನ್ನ ಮೊಮ್ಮಗಳು, ನಾವೆಲ್ಲ ಗುಡುಗು ಎಂದು ಕರೆಯುವ ಆ ಹುಡುಗಿಗೆ ಏನು ಪಾತ್ರ? ಹೂವೆರಚುವ ದಾಸಿ. ಮಾತಿಲ್ಲ. ಹೆಜ್ಜೆ ಇಟ್ಟು ಬರುವುದು, ಎರಚುವುದು, ಹೋಗುವುದು. ತೊಟ್ಟಿಲಲ್ಲಿದ್ದಾಗಲೇ ಅತ್ತು ಬೀದಿಯನ್ನೆಲ್ಲ ಎಬ್ಬಿಸಿದವಳಿಗೆ!

ಅವಳು ನನ್ನ ಮನೆಗೆ ಬಂದಳು. ಅಳುತ್ತಾ ಬಂದಳು ಎಂದರೆ ಸುಳ್ಳಾಗುತ್ತದೆ, ಬಾಗಿಲು ಒದ್ದುಕೊಂಡು ಬಂದಳು. "ಅಜ್ಜೀ, ಇಡೀ ನಾಟಕ ನಂಗೆ ಬಾಯಿಪಾಠ ಬರುತ್ತೆ. ರಾಜನ ಪಾತ್ರ ಕೊಡಿ ತಾತಾ ಅಂದೆ. ತಾತ ಏನಂದ್ರು ಗೊತ್ತಾ? ನಮ್ಮ ವಂಶದಲ್ಲಿ ಹೆಣ್ಣು ಕಿರೀಟ ಇಟ್ಟಿಲ್ಲ ಅಂದ್ರು."

ನನ್ನ ಕೈಯಲ್ಲಿದ್ದ ಲೋಟವನ್ನು ನಿನ್ನ ವಂಶವೃಕ್ಷದ ಪಕ್ಕದಲ್ಲಿ ಕುಕ್ಕಿದೆ. (ಚಹಾ ಚೆಲ್ಲಿದ್ದು ಆಗಲೇ.) ಈ ಮಾತನ್ನು ನಾನು ಮೊದಲೇ ಕೇಳಿದ್ದೆ. ಒಂದಕ್ಷರ ಆಚೀಚೆ ಇಲ್ಲದೆ, ಇದೇ ಬಾಯಿಂದ!

ನೆನಪಿದೆಯೇ? ನೆನಪಿಲ್ಲದಿದ್ದರೆ ದೀಪ ಹಚ್ಚಿಸುತ್ತೇನೆ, ನೋಡು. ಅಪ್ಪ ತೀರಿಹೋಗಿ ಕಂಪನಿ ನಿನ್ನ ಕೈಗೆ ಬಂದ ವರ್ಷ. ನೀನು ರಾಜ. ನಾನು, ಹತ್ತೊಂಬತ್ತರ ಹುಡುಗಿ, ತಲೆಗೆ ಬಿಳಿ ಪುಡಿ ಬಳಿದುಕೊಂಡು ನಿನ್ನ ತಾಯಿ, ರಾಜಮಾತೆ. ಪ್ರತಿ ಆಟದಲ್ಲೂ ಮೂರನೇ ಅಂಕದಲ್ಲಿ ಯುದ್ಧದ ಸುದ್ದಿ ಕೇಳಿ ಮೂರ್ಛೆ ಹೋಗುವುದು ನನ್ನ ಕೆಲಸ. ಆವತ್ತು ಪರದೆ ಏಳುವ ಮುಂಚೆ, ಬಣ್ಣದ ಕೋಣೆಯಲ್ಲಿ, ಎದೆ ಗಟ್ಟಿ ಮಾಡಿಕೊಂಡು ನಿನ್ನನ್ನು ಕೇಳಿದೆ. ನಮ್ಮ ಕಂಪನಿಯ ಕಟ್ಟಳೆ ನಿನಗೆ ಗೊತ್ತಲ್ಲ. ಮುಖಕ್ಕೆ ಬಣ್ಣ ಏರಿತೆಂದರೆ ಹುಟ್ಟಿನ ಸಂಬಂಧ ಮುಗಿಯಿತು. ಒರೆಸುವ ತನಕ ಯಾರು ಯಾರನ್ನೇ ಮಾತಾಡಿಸಲಿ, ಪಾತ್ರದ ಸಂಬಂಧದಿಂದಲೇ ಮಾತಾಡಿಸಬೇಕು. ತಪ್ಪಿದವರು ರಂಗ ಗುಡಿಸಬೇಕು. ನೀನು ಎಷ್ಟು ಸಲ ಗುಡಿಸಿಲ್ಲ! ಆದ್ದರಿಂದ ನಾನು ಕೇಳಿದ್ದೂ ಹಾಗೇ: "ಮಗನೇ, ಒಂದೇ ಒಂದು ಆಟ, ನಾನು ರಾಜ ಆಗ್ಲಾ?"

ನೀನು ಕನ್ನಡಿಯಿಂದ ಮುಖ ಕೂಡ ತಿರುಗಿಸಲಿಲ್ಲ. ಮೀಸೆ ಅಂಟಿಸಿಕೊಳ್ಳುತ್ತಲೇ ಹೇಳಿದೆ: "ಮಾತೇ, ನಮ್ಮ ವಂಶದಲ್ಲಿ ಹೆಣ್ಣು ಕಿರೀಟ ಇಟ್ಟಿಲ್ಲ."

ನಾನು ಹೋಗಿ ಮೂರ್ಛೆ ಬಿದ್ದೆ. ಆವತ್ತಿನಿಂದ ಇವತ್ತಿನವರೆಗೂ ಬೀಳುತ್ತಲೇ ಬಂದಿದ್ದೇನೆ. ಬಿದ್ದೂ ಬಿದ್ದೂ ಎಡ ಮೊಣಕೈ ಸೊಟ್ಟಗಾಗಿದೆ. ವಂಶ ಎಂದಮೇಲೆ ಏನು ಎದುರಾಡುವುದು ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ವಂಶವನ್ನು ಯಾರಾದರೂ ತೆಗೆಸಿ ನೋಡಬಹುದು ಎನ್ನುವುದು ಆಗ ನನಗೆ ಹೊಳೆಯಲಿಲ್ಲ.

ನೀನೇ ಹೊಳೆಯಿಸಿದೆ! ವಂಶವೃಕ್ಷದ ಹಿಂದೆ 'ಆಧಾರ' ಎಂದು ಬರೆದು ನೂರು ವರ್ಷದ ಹಿಂದಿನ ಜನಗಣತಿಯ ನಕಲೊಂದನ್ನು ಅಂಟಿಸಿದ್ದೆಯಲ್ಲ. ಮೇಲಿನ ಎರಡೇ ಸಾಲು, ಹೆಸರುಗಳಿಲ್ಲ. ಮೊದಲ ಸಾಲಿನಲ್ಲಿ ಯಜಮಾನ, ಗಂಡು, ವಯಸ್ಸು ಇಪ್ಪತ್ತನಾಲ್ಕು, ವೃತ್ತಿ 'ರಾಜ'. ಎರಡನೆಯದರಲ್ಲಿ ಯಜಮಾನನ ಹೆಂಡತಿ, ಹೆಣ್ಣು. ಅದರ ಕೆಳಗೆ ಕತ್ತರಿ. ಎಷ್ಟು ನೇರವಾಗಿ ಕತ್ತರಿಸಿದ್ದೀಯ! ನೇರವಾಗಿ ಕತ್ತರಿಸಿದ ಕಾಗದ ಕಂಡರೆ ನನಗೆ ಅನುಮಾನ. ಏನನ್ನೋ ತೆಗೆಯಬೇಕೆಂದವನು ಮಾತ್ರ ಅಷ್ಟು ಎಚ್ಚರದಿಂದ ಕತ್ತರಿಸುತ್ತಾನೆ. ಮಾರನೆಯ ದಿನವೇ ಬಸ್ಸು ಹತ್ತಿ ಹಳೆಯ ದಾಖಲೆಗಳ ಕಚೇರಿಗೆ ಹೋದೆ.

ಆ ಕಚೇರಿಯಲ್ಲಿ ಪಿಸುಮಾತಿಗೆ ಮಾತ್ರ ಅವಕಾಶ. ನನ್ನ ಪಿಸುಮಾತು ನಿನಗೆ ಗೊತ್ತಲ್ಲ. "ಅಮ್ಮಾ, ಸ್ವಲ್ಪ ಮೆಲ್ಲಗೆ" ಎಂದಳು ಮೇಜಿನಾಚೆಯ ಹೆಂಗಸು. "ಇದೇ ಮೆಲ್ಲಗೆ ಕಣಮ್ಮಾ" ಎಂದೆ. ಓದುತ್ತ ಕೂತಿದ್ದ ಮುದುಕರೆಲ್ಲ ತಿರುಗಿ ನೋಡಿದರು. ಪಾಪ, ಅವಳು ನನ್ನನ್ನು ಬೇಗ ಸಾಗಹಾಕಬೇಕೆಂದೋ ಏನೋ, ಪುಸ್ತಕವನ್ನು ಓಡೋಡಿ ತಂದುಕೊಟ್ಟಳು.

ಇಡೀ ಪುಟ ತೆರೆಯಿತು. ಓದಿದೆ. ಓದಿ, ಆ ನಿಶ್ಶಬ್ದದ ಮಧ್ಯೆ, ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟೆ.

ಮೂರನೇ ಸಾಲು: ಯಜಮಾನನ ಮಗ, ಯುವರಾಜ, ವಯಸ್ಸು ಐವತ್ತೆರಡು! ಅಪ್ಪನಿಗೆ ಇಪ್ಪತ್ತನಾಲ್ಕು, ಮಗನಿಗೆ ಐವತ್ತೆರಡು. ಅದರ ಕೆಳಗೆ ಮಂತ್ರಿ, ಭಾವಮೈದುನ. ಅದಕ್ಕೂ ಕೆಳಗೆ ಇನ್ನೊಬ್ಬ ಆಸಾಮಿ, 'ಯಜಮಾನನೊಡನೆ ಸಂಬಂಧ' ಎಂಬ ಕಾಲಮ್ಮಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದೆ: ಶತ್ರು. ಯಾವನೋ ಮೇಲಧಿಕಾರಿ ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು 'ಅತಿಥಿ' ಎಂದು ತಿದ್ದಿದ್ದಾನೆ.

ಏನಾಗಿದೆ ಎಂದು ಬೇರೆಯವರಿಗೆ ತಿಳಿಯದಿರಬಹುದು. ಬಣ್ಣದ ಕೋಣೆಯಲ್ಲಿ ಬೆಳೆದ ನನಗೂ ನಿನಗೂ ತಿಳಿಯದೇ ಇರುತ್ತದೆಯೇ? ಗಣತಿದಾರ ಬಂದಿದ್ದು ಆಟಕ್ಕೆ ಮುಂಚೆ. ಎಲ್ಲರ ಮುಖಕ್ಕೂ ಬಣ್ಣ ಏರಿತ್ತು. ಈ ಮನೆಯ ಯಜಮಾನರು ಯಾರು ಎಂದು ಅವನು ಕೇಳಿದ, ಎಲ್ಲರೂ ರಾಜನ ಕಡೆ ಕೈ ತೋರಿಸಿದರು. ನೀವು ಅವರಿಗೇನಾಗಬೇಕು ಎಂದು ಒಬ್ಬೊಬ್ಬರನ್ನೇ ಕೇಳಿದ, ಕಟ್ಟಳೆ ಮುರಿದು ರಂಗ ಗುಡಿಸುವ ಮನಸ್ಸು ಯಾರಿಗಿದೆ? ನಾನು ಹೆಂಡತಿ, ನಾನು ಮಗ, ನಾನು ಶತ್ರು! ಕುರ್ಚಿಯ ಮೇಲೆ ಕೂತು ಆ ಪುಣ್ಯಾತ್ಮ ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದಾನೆ. ನಮ್ಮ ನಾಟಕದ ಪಾತ್ರವಿವರ ನೂರು ವರ್ಷದಿಂದ ಸರ್ಕಾರದ ಕಪಾಟಿನಲ್ಲಿ ಒಂದು ಸಂಸಾರವಾಗಿ ಬಾಳುತ್ತಿದೆ!

ಅಲ್ಲಿಂದಲೇ ನಿನಗೆ ಫೋನು ಮಾಡಿದೆ. ನೀನು ಏನೆಂದೆ? "ಗುಮಾಸ್ತ ಕುಡಿದಿರ್ಬೇಕು ಬಿಡು. ನಮಗೆ ಬೇಕಾಗಿರೋದು ಮೇಲಿನ ಎರಡು ಸಾಲು. ತಾತ ರಾಜನ ಪಾತ್ರ ಮಾಡ್ತಿದ್ರು, ಅಷ್ಟೇ ತಾನೆ? ಅದು ನಿಜ ತಾನೆ?"

ಆ ಎರಡನೇ 'ತಾನೆ' ಇದೆಯಲ್ಲ, ಅಲ್ಲಿ ನಿನ್ನ ದನಿ ಒಂದು ಕೂದಲೆಳೆಯಷ್ಟು ಜಾರಿತು. ಬದುಕೆಲ್ಲ ನಿನ್ನ ಎದುರು ನಿಂತು ನಿನ್ನ ಮಾತಿಗೆ ಕಾದವಳು ನಾನು. ನಿನ್ನ ಉಸಿರು ಎಲ್ಲಿ ತಪ್ಪುತ್ತದೆ ಎನ್ನುವುದು ನಿನ್ನ ಹೆಂಡತಿಗಿಂತ ನನಗೆ ಚೆನ್ನಾಗಿ ಗೊತ್ತು. ಫೋನಿಟ್ಟು ಮತ್ತೆ ಮೇಜಿನ ಹತ್ತಿರ ಹೋಗಿ, ಅದೇ ವರ್ಷದ ಜನನ ನೋಂದಣಿ ಕೊಡಮ್ಮಾ ಎಂದೆ. ಅಪ್ಪ ಹುಟ್ಟಿದ್ದು ಆ ಗಣತಿಯಾದ ಕೆಲವೇ ತಿಂಗಳಿಗೆ.

ಈಗ ಎಲ್ಲ ದೀಪ ಆರಿಸಿ, ಒಂದೇ ಒಂದು ಬೆಳಕು ಆ ಪುಟದ ಮೇಲೆ ಬೀಳಲಿ.

ಮಗು: ಗಂಡು. ತಾಯಿ: ನಮ್ಮ ಅಜ್ಜಿಯ ಹೆಸರು. ತಾಯಿಯ ವೃತ್ತಿ: ನಾಟಕದಲ್ಲಿ ರಾಜ. ತಂದೆ: ನಮ್ಮ ತಾತನ ಹೆಸರು. ತಂದೆಯ ವೃತ್ತಿ: ನಾಟಕದಲ್ಲಿ ರಾಣಿ.

ಕೇಳಿಸಿತೇ? ಸಿಂಹಕಂಠ ನಮ್ಮ ಅಜ್ಜಿಯದು! ತೂಗುದೀಪ ಅಲುಗಿಸಿದವಳು ಅವಳು! ಗಣತಿದಾರ ಮೀಸೆ ಕಂಡು 'ಗಂಡು' ಎಂದು ಬರೆದ ಆ ಯಜಮಾನ, ಕವಚದೊಳಗೆ ನಮ್ಮಪ್ಪನನ್ನು ಹೊತ್ತುಕೊಂಡು ನಿಂತಿದ್ದ ಇಪ್ಪತ್ತನಾಲ್ಕರ ಹೆಂಗಸು. ಪಕ್ಕದಲ್ಲಿ ಮುಸುಕು ಹೊದ್ದು ನಾಚಿ ನಿಂತಿದ್ದ ಹೆಂಡತಿ ನಮ್ಮ ತಾತ! ಗಂಡ ಹೆಂಡತಿ ಇಬ್ಬರನ್ನೂ ಅವನು ಸರಿಯಾಗಿಯೇ ಹಿಡಿದಿದ್ದಾನೆ, ಯಾರು ಗಂಡ ಯಾರು ಹೆಂಡತಿ ಎನ್ನುವುದೊಂದನ್ನು ಬಿಟ್ಟು.

ಆಗ ನನಗೆ ಮನೆಯ ಹಜಾರದಲ್ಲಿ ನೀನು ತೂಗುಹಾಕಿರುವ ಆ ಎರಡು ಚಿತ್ರಗಳು ಕಣ್ಣಿಗೆ ಕಟ್ಟಿದವು. ಮೀಸೆಯ ರಾಜ 'ತಾತ', ಮುಸುಕಿನ ರಾಣಿ 'ಅಜ್ಜಿ'. ಹೊರಗೆ ಹೊರಡುವಾಗಲೆಲ್ಲ ಕರವಸ್ತ್ರದಿಂದ ಅಜ್ಜಿಯ ಚಿತ್ರದ ಧೂಳು ಒರೆಸಿ "ಹೋಗಿ ಬರ್ತೀನಿ ಅಜ್ಜೀ" ಎನ್ನುತ್ತೀಯಲ್ಲ, ಈ ಪತ್ರ ಕೆಳಗಿಟ್ಟು ಎದ್ದು ಹೋಗಿ ನೋಡು. ಆ ರಾಣಿಯ ಕೈ ನೋಡು. ಹಲಸಿನ ಹಣ್ಣನ್ನು ಒಂದೇ ಅಂಗೈಯಲ್ಲಿ ಎತ್ತುವಂಥ ಕೈ! ಆಮೇಲೆ ನಿನ್ನ ಕೈ ನೋಡಿಕೋ. ಅದೇ ಬೆರಳು, ಅದೇ ಗೆಣ್ಣು. ರಾಜನ ಪಾದ ನೋಡು, ಬೂಟಿನೊಳಗೆ ಈಜಾಡುತ್ತಿದೆ. ಆ ಪಾದ ನನ್ನದು, ಗುಡುಗಿನದು.

ಇಷ್ಟಾದರೆ ನಗುತ್ತಾ ಮನೆಗೆ ಬರುತ್ತಿದ್ದೆ. "ನೋಡಿದ್ಯಾ, ಎಲ್ಲಾ ತಲೆಕೆಳಗಾಯ್ತು" ಎಂದು ಇಬ್ಬರೂ ಕೂತು ನಗಬಹುದಿತ್ತು. ಜನನ ನೋಂದಣಿಯ ಪುಸ್ತಕ ಹಿಂದಿರುಗಿಸುವಾಗ ಆ ಹೆಂಗಸು, "ಇಲ್ಲಿ ಸಹಿ ಹಾಕಿ ಅಮ್ಮಾ, ತೆಗೆಸಿ ನೋಡಿದವರೆಲ್ಲ ಹಾಕಬೇಕು" ಎಂದು ರಟ್ಟಿನ ಒಳಗೆ ಅಂಟಿಸಿದ ಚೀಟಿ ತೋರಿಸಿದಳು. ನನಗಿಂತ ಮೇಲೆ ಒಂದೇ ಒಂದು ಸಹಿ ಇತ್ತು. ಬಾಲ ಸುತ್ತಿಕೊಂಡು ಕೂತ ಬೆಕ್ಕಿನಂಥ ಆ ಸಹಿಯನ್ನು ಕಣ್ಣು ಕಟ್ಟಿದರೂ ಗುರುತಿಸುತ್ತೇನೆ.

ನೀನು ನೋಡಿದ್ದೆ.

ಆ ಪುಟ ಓದಿದ ಮೇಲೆ ನೀನು ವಂಶವೃಕ್ಷ ಬರೆಸಿದೆ. ಆ ಪುಟ ಓದಿದ ಮೇಲೆ ಅಜ್ಜಿಯ ಹೆಸರಿನ ಮುಂದೆ 'ಗೃಹಿಣಿ' ಎಂದು ಹಾಕಿಸಿದೆ. ಆ ಪುಟ ಓದಿ ಬಂದು, ಹಾಗೆ ಬಂದ ಕಾಲಲ್ಲೇ, ಮೊಮ್ಮಗಳ ಮುಖ ನೋಡಿ ನಮ್ಮ ವಂಶದಲ್ಲಿ ಹೆಣ್ಣು ಕಿರೀಟ ಇಟ್ಟಿಲ್ಲ ಎಂದೆ! ನನಗೆ ಹೇಳಿದಾಗ ನಿನಗೆ ಗೊತ್ತಿರಲಿಲ್ಲ. ಅದನ್ನು ಎಂದೋ ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಅವಳಿಗೆ ಹೇಳಿದಾಗ ಗೊತ್ತಿತ್ತು. ಅದನ್ನು ಹೊಟ್ಟೆಗೆ ಹಾಕಿಕೊಳ್ಳಲಾರೆ, ನನ್ನ ಹೊಟ್ಟೆ ಅಷ್ಟು ದೊಡ್ಡದಲ್ಲ.

ನಿನ್ನೆ ಫೋನಿನಲ್ಲಿ ಇದನ್ನೇ ಕೇಳಿದರೆ, "ಸತ್ತವರನ್ನ ಯಾಕೆ ನಗೆಪಾಟಲು ಮಾಡ್ತೀಯ ಪುಟ್ಟೀ? ತಾತ ರಾಣಿ ಆಗಿದ್ರು ಅಂತ ಬಾಗಿಲಲ್ಲಿ ಬೋರ್ಡು ಹಾಕ್ಲಾ? ಅಪ್ಪ ಅದನ್ನ ಬಾಯಿ ಬಿಡದೆ ಹೋದ್ರು. ಅವರ ಮಾನ ನಾನು ಕಳೀಲಾ?" ಎಂದೆ.

ಅಪ್ಪನ ವಿಷಯಕ್ಕೇ ಬಂದೆಯಾ, ಸರಿ. ಅಪ್ಪ ಚಿಕ್ಕವರಿದ್ದಾಗ ಶಾಲೆಯಿಂದ ಮೂಗು ಒಡೆಸಿಕೊಂಡು ಬರುತ್ತಿದ್ದರು, ಯಾಕೆಂದು ಎಷ್ಟು ಕೇಳಿದರೂ ಹೇಳುತ್ತಿರಲಿಲ್ಲ ಎಂದು ಅಮ್ಮ ಒಮ್ಮೆ ಹೇಳಿದ್ದು ನಿನಗೂ ನೆನಪಿರಬೇಕು. ಈಗ ಯಾಕೆಂದು ಗೊತ್ತಾಯಿತು. 'ನಿಮ್ಮಪ್ಪ ರಾಣಿ' ಎಂದು ಹುಡುಗರು ಛೇಡಿಸಿರಬೇಕು. ಒಂದು ದಿನ ಅವರು ಚಿತ್ರಗಳ ಹೆಸರು ಅದಲುಬದಲು ಮಾಡಿರಬೇಕು. ಮೀಸೆಯವನು ನಮ್ಮಪ್ಪ ಎಂದು ಹೇಳಿ ಉಸಿರಾಡಿರಬೇಕು. ಆ ಹುಡುಗನನ್ನು ನಾನೂ ಬೈಯಲಾರೆ. ಆದರೆ ಅಪ್ಪ ಆ ಸುಳ್ಳು ಹೇಳಿದ್ದು ಚಡ್ಡಿ ಹಾಕುವ ವಯಸ್ಸಿನಲ್ಲಿ, ಒಡೆದ ಮೂಗು ಹಿಡಿದುಕೊಂಡು. ನೀನು ಅದನ್ನು ಎಪ್ಪತ್ತು ದಾಟಿದ ಮೇಲೆ ಬಂಗಾರದ ಅಂಚು ಹಾಕಿ ಕೆತ್ತಿಸಲು ಹೊರಟಿದ್ದೀಯ! ನಿನ್ನ ಮೂಗು ಒಡೆದವರು ಯಾರು?

ನಗೆಪಾಟಲಂತೆ! ದಿನಾ ಸಂಜೆ ಹೆಂಡತಿಯ ಪಕ್ಕದಲ್ಲಿ ಮುಸುಕು ಹೊದ್ದು ನಿಂತು, ಅವಳ ಗರ್ಜನೆಗೆ ಊರೇ ಎದ್ದು ನಿಂತಾಗ ತಾನು ತಲೆ ತಗ್ಗಿಸಿ ನಿಂತವನನ್ನು ಕಂಡು ನಗುವುದೇ? ಆ ಗಂಡಸಿನ ಎದೆ ಎಷ್ಟು ಅಗಲವಿರಬೇಕು! ಅಷ್ಟು ಅಗಲದ ಎದೆ ಈ ವಂಶದಲ್ಲಿ ಆಮೇಲೆ ಹುಟ್ಟಿದಂತೆ ಕಾಣಲಿಲ್ಲ. ನನಗೆ ಇಂಥ ತಾತ ಬೇಕು. ಗುಡುಗಿಗೆ ಅಂಥ ಅಜ್ಜಿ ಬೇಕು. ಅವರನ್ನು ಹೂತಿಟ್ಟು ಅದರ ಮೇಲೆ ನೀನು ನೆಡುವ ಮರದ ನೆರಳು ನನಗೆ ಬೇಡ.

ಆದ್ದರಿಂದ ಈ ಕೆಳಗಿನದು ಕೋರಿಕೆ ಅಲ್ಲ. ಹಲಗೆಯ ಬುಡದಲ್ಲಿ ಅಜ್ಜಿಯ ಹೆಸರು, ಅವಳ ಮುಂದೆ 'ರಾಜ'. ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ತಾತ, 'ರಾಣಿ'. ಕಿರೀಟ ಗುಡುಗಿನ ತಲೆಗೆ. ಅವಳಪ್ಪನನ್ನು ಕೇಳಿದೆ, "ಅತ್ತೇ, ನನ್ನನ್ನ ಬಿಡಿಸಿದ್ರೆ ನಿಮ್ಮ ಹಲ್ಲೆಲ್ಲ ಪುಕ್ಕಟೆ ನೋಡ್ತೀನಿ" ಎಂದು ಕೈ ಹಿಡಿದುಕೊಂಡ. ಹೀಗೆ ಬರೆದು ಕಳಿಸು, ಓದುವುದಕ್ಕೂ ಮುಂಚೆ ಸಹಿ ಹಾಕುತ್ತೇನೆ. ಇಲ್ಲವೇ? ಆ ದಿನ ನಿನ್ನ ಹಲಗೆಯ ಕೆಳಗೆ ನಿಂತು, ಒಳಗೆ ಬರುವ ಒಬ್ಬೊಬ್ಬರಿಗೂ ಆ ಪುಟ ಬಾಯಿಪಾಠ ಒಪ್ಪಿಸುತ್ತೇನೆ. ಮೈಕು ಬೇಡ. ನನ್ನ ಪಿಸುಮಾತು ಎಷ್ಟು ದೂರ ಹೋಗುತ್ತದೆ ಎಂದು ದಾಖಲೆಯ ಕಚೇರಿಯಲ್ಲಿ ಕೇಳಿ ತಿಳಿದುಕೋ.

ಹೆದರಿದೆ ಎಂದುಕೊಳ್ಳಬೇಡ. ಸೋತೆ ಎಂದುಕೊಳ್ಳಬೇಡ. ಮುಖ್ಯವಾಗಿ, ಮೂರನೇ ಅಂಕ ಬಂದಾಗ ಬೀಳುತ್ತಾಳೆ ಬಿಡು ಎಂದುಕೊಳ್ಳಬೇಡ. ಇನ್ನು ಬೀಳುವವಳು ನಾನಲ್ಲ!

ಇತಿ,
ನಿನ್ನ ಪರಮ ಶತ್ರು

ಮರೆತಿದ್ದು: ಮೊದಲೇ ಹೇಳಿದ ಕಾರಣ. ಈ ಪತ್ರವನ್ನು ರಂಗಮಂದಿರದ ಬಣ್ಣದ ಕೋಣೆಯಲ್ಲಿ ಕೂತು ಬರೆದೆ. ಎದುರಿನ ಸ್ಟೂಲಿನ ಮೇಲೆ ಮೀಸೆ ಅಂಟಿಸಿಕೊಂಡು ನಿನ್ನ ಮೊಮ್ಮಗಳು ಕೂತಿದ್ದಾಳೆ. ಓದುವುದಿದೆ ಎಂದು ನಿನಗೆ ಹೇಳಿ ಬಂದಿದ್ದಾಳಂತೆ, ಓದುತ್ತಲೇ ಇದ್ದಾಳೆ, ಎರಡನೇ ಅಂಕ. ನಾನು ರಾಜಮಾತೆಯ ಪಾತ್ರ ಬಿಟ್ಟೆ. ಇನ್ನು ಶತ್ರುರಾಜ ನಾನೇ. ಮುಖಕ್ಕೆ ಬಣ್ಣ ಏರಿದೆ, ಆದ್ದರಿಂದ ಕಟ್ಟಳೆಯ ಪ್ರಕಾರ ನಿನ್ನನ್ನು ಹುಟ್ಟಿನ ಸಂಬಂಧದಿಂದ ಕರೆಯುವ ಹಾಗಿರಲಿಲ್ಲ. ಈ ಹೊತ್ತಿನಲ್ಲಿ ಗಣತಿದಾರ ಬಾಗಿಲು ತಟ್ಟಿದರೆ ಕಾಲಮ್ಮಿನಲ್ಲಿ ಏನು ಬರೆಸಬೇಕೋ ಅದನ್ನೇ ಬರೆಸುತ್ತೇನೆ. ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕುವ ಅಧಿಕಾರ ನಿನಗೊಬ್ಬನಿಗೇ ಇದೆ.

ರಾಜಮಾತೆಯ ಪಾತ್ರ ಖಾಲಿಯಿದೆ. ಮುಸುಕು ಹೊದೆಯುವುದು ನಮ್ಮ ವಂಶದ ಗಂಡಸರಿಗೆ ಹೊಸದೇನಲ್ಲ. ಮೊಣಕೈ ಊರದೆ ಬೀಳುವುದು ಹೇಗೆಂದು ನಾನೇ ಹೇಳಿಕೊಡುತ್ತೇನೆ, ಬಾ.

ಈಗ ಎಣ್ಣೆ ಹಚ್ಚಿ ಮುಖ ಒರೆಸಿಕೊಂಡೆ. ಬಂದುಬಿಡು, ಅಣ್ಣಾ.